ಗೆರೆಯೊಳಗೆ ಹೇಳಿದ ಮಾತು

ಮೂರನೆಯ ಆಟದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು ಎಂದು ತಿಳಿದಾಗಿನಿಂದ ಬಂದೇನವಾಜನ ಮೊಣಕಾಲುಗಳು ಅವನ ಮಾತು ಕೇಳುವುದನ್ನು ಬಿಟ್ಟಿದ್ದವು. ಐವತ್ತೊಂದು ವರ್ಷಗಳಲ್ಲಿ ಅವನು ಮುಂದಕ್ಕೆ ಬಿದ್ದಿದ್ದ, ಪಕ್ಕಕ್ಕೆ ಬಿದ್ದಿದ್ದ, ಒಮ್ಮೆ ತಿಕೋಟಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಬಿದ್ದಿದ್ದ; ಆದರೆ ಬೇಕೆಂದೇ, ಎಂಟು ಜನರ ಎದುರಿಗೆ, ಹಳದಿ ಟೀಶರ್ಟು ತೊಟ್ಟು ಹಿಂದಕ್ಕೆ ಬೀಳುವ ಪ್ರಸಂಗ ಬಂದಿರಲಿಲ್ಲ. ಟೀಶರ್ಟಿನ ಎದೆಯ ಮೇಲೆ ‘ಒಂದೇ ತಂಡ, ಒಂದೇ ಮನ’ ಎಂದು ಅಚ್ಚಾಗಿತ್ತು. ಒಂಬತ್ತು ಜನರಿಗೂ ಒಂದೇ ಅಳತೆ ತರಿಸಿದ್ದರಿಂದ ಕಂಪ್ಯೂಟರಿನ ಸಮ್ರೀನಳಿಗೆ ಅದು ಮೊಣಕಾಲಿನವರೆಗೆ ಬಂದಿತ್ತು, ಬಂದೇನವಾಜನಿಗೆ ಹೊಟ್ಟೆಯ ಅರ್ಧಕ್ಕೇ ನಿಂತಿತ್ತು. ಬೆಳಿಗ್ಗೆ ಮನೆಯಲ್ಲಿ ಅಂಗಿಯ ಮೇಲೆ ಅದನ್ನು ಏರಿಸಿಕೊಳ್ಳುವಾಗ ಹೆಂಡತಿ ಆಶಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದ್ದಳು. “ಏನ್ರಿ ಇದು, ಚುನಾವಣಿಗೆ ನಿಂತೀರೇನು?” ಎಂದಿದ್ದಳು. ಅವನು ಟೀಶರ್ಟನ್ನು ಕೆಳಗೆ ಎಳೆದುಕೊಳ್ಳುತ್ತ ಹೊರಟು ಬಂದಿದ್ದ. ಚುನಾವಣೆಯಾದರೂ ವಾಸಿ, ಸೋತರೆ ಮನೆಯಲ್ಲಿ ಕೂತಿರಬಹುದು ಎಂದು ಈಗ ಅನಿಸುತ್ತಿತ್ತು.

ತಿಕೋಟಾದಿಂದ ಕಳ್ಳಕವಟಗಿಯ ಕಡೆಗೆ ಹೋಗುವ ರಸ್ತೆಯಲ್ಲಿ, ರೈತರ ಮಣೂಕವನ್ನು ಕಾಯ್ದಿಡುವ ಶೈತ್ಯಾಗಾರದ ಅಂಗಳ ಅದು. ಒಣದ್ರಾಕ್ಷಿಗೆ ಇಲ್ಲಿ ಮಣೂಕ ಎನ್ನುತ್ತಾರೆ, ಮತ್ತು ಅದರ ಗುಣ ಹೇಳುವುದು ಬಂದೇನವಾಜನ ಕಸುಬು. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನೂರು ಮಣೂಕ ಕಚ್ಚಿ, ಉಗುಳಿ, ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ಹೇಳಿ ಹೇಳಿ ಅವನ ಮುಂದಿನ ಎರಡು ಹಲ್ಲು ಸವೆದಿದ್ದವು. ರಂಜಾನಿನ ರೋಜಾ ದಿನಗಳಲ್ಲಿ ಕಚ್ಚದೆ, ಬೆರಳಲ್ಲಿ ಹಿಸುಕಿಯೇ ಹೇಳುತ್ತಿದ್ದ. ಆಗಲೂ ತಪ್ಪುತ್ತಿರಲಿಲ್ಲ ಎಂಬ ಹೆಸರಿತ್ತು. ತಪ್ಪುವುದಿಲ್ಲ ಎಂಬ ಹೆಸರು ಇದ್ದವನಿಗೆ ಒಂದು ತಪ್ಪು ಎಷ್ಟು ಭಾರ ಎಂಬುದು ಹೆಸರಿಲ್ಲದವರಿಗೆ ಗೊತ್ತಾಗುವುದಿಲ್ಲ. ಇವತ್ತು ಆ ಅಂಗಳದ ನಡುವೆ ಸುಣ್ಣದ ಪುಡಿಯಿಂದ ದೊಡ್ಡದೊಂದು ಗುಂಡು ಗೆರೆ ಎಳೆದಿದ್ದರು. ಎಳೆದವಳು ವಿಜಯಪುರದಿಂದ ಬಂದ ಪೂನಮ ಎಂಬ ತರಬೇತಿಯವಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಒಂದು ಹಾಳೆ, ಮುಖದಲ್ಲಿ ಇಳಿಯದ ನಗು. ಮೇ ತಿಂಗಳ ಗದ್ದಲದ ನಂತರ ಕೆಲಸದವರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ, ಅವರ ಮನಸ್ಸು ಕೂಡಿಸಿ ಬಾ ಎಂದು ಮಾಲೀಕರು ಅವಳನ್ನು ಕಳಿಸಿದ್ದರು. ಅವಳು ‘ಮೇ ತಿಂಗಳ ಗದ್ದಲ’ ಎಂದಾಗ ಬಂದೇನವಾಜ ತನ್ನ ಚಾಳೀಸನ್ನು, ಅಂದರೆ ಕನ್ನಡಕವನ್ನು, ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನದು ಹೆಗಲಲ್ಲ, ಕಿವಿ. ಚಾಳೀಸಿನ ಮುರಿದ ಎಡಗಾಲನ್ನು ಒಂದು ಹಸಿರು ಚಿಂದಿ ಹಿಡಿದುಕೊಂಡಿತ್ತು.

“ಈ ಗೆರಿ ಒಳಗ ಯಾರೂ ಸಾಹೇಬ್ರಿಲ್ಲ, ಯಾರೂ ಆಳಿಲ್ಲ,” ಎಂದಳು ಪೂನಮ. “ಎಲ್ಲಾರನ್ನೂ ಬರೇ ಹೆಸರಿಲೇ ಕರೀಬೇಕು. ಇಲ್ಲಿ ಹೇಳಿದ್ದು ಇಲ್ಲೇ ಉಳೀಬೇಕು, ಹೊರಗ ಒಯ್ಯಂಗಿಲ್ಲ. ಪ್ರಾಮಿಸ್?”

ಎಲ್ಲರೂ ಅಂಗೈ ಎತ್ತಿ ಪ್ರಾಮಿಸ್ ಎಂದರು. ಕಾವಲಿನ ಕಾಸಿಮಸಾಬ ಮಾತ್ರ, “ಹೊರಗ ನಿಂತು ಕೇಳಿಸ್ಕೊಂಡವ್ರು ಏನ್ ಮಾಡಬೇಕ್ರಿ?” ಎಂದು ಕೇಳಿದ. ಪೂನಮ ಅದಕ್ಕೂ ನಕ್ಕು ಮೊದಲನೆಯ ಆಟಕ್ಕೆ ಸೀಟಿ ಊದಿದಳು. ಕಾಸಿಮಸಾಬನ ಪ್ರಶ್ನೆಯಲ್ಲಿ ಹುರುಳಿತ್ತು. ಮಣೂಕ ಆರಿಸುವ ಹನ್ನೊಂದು ಹೆಂಗಸರು ಒಳಗಿನ ಉದ್ದನೆಯ ಮೇಜಿನ ಎರಡೂ ಬದಿಗೆ ಕೂತು, ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಅವರದು ದಿನಗೂಲಿ, ಹಾಗಾಗಿ ಅವರು ತಂಡವಲ್ಲ. ಟೀಶರ್ಟು ಬಂದದ್ದು ತಿಂಗಳ ಪಗಾರದವರಿಗೆ. ಇನ್ನೂ ಒಬ್ಬಳು, ತಾಯವ್ವ, ಗೆರೆಯಿಂದ ಇಪ್ಪತ್ತು ಹೆಜ್ಜೆ ಆಚೆ ತೊಳೆಯುವ ತೊಟ್ಟಿಯ ಹತ್ತಿರ ಮೊಣಕೈವರೆಗೆ ನೀರಲ್ಲಿ ಕೈಯಿಟ್ಟು ನಿಂತಿದ್ದಳು. ಅವಳ ಕಡೆಗೆ ಬೆನ್ನು ಬರುವಂತೆ ಬಂದೇನವಾಜ ವೃತ್ತದಲ್ಲಿ ತನ್ನ ಜಾಗ ಹುಡುಕಿಕೊಂಡಿದ್ದ. ಬೆನ್ನು ಕೊಟ್ಟರೂ ಕೆಲವರು ಕಾಣಿಸುತ್ತಲೇ ಇರುತ್ತಾರೆ.

ಮೊದಲ ಆಟದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಬೇಕಿತ್ತು. ಯಂತ್ರ ನೋಡಿಕೊಳ್ಳುವ ಅಯೂಬ ಮ್ಯಾನೇಜರನ ಎದುರಿಗೆ ನಿಂತು “ಹಣಮಂತರಾಯ!” ಎಂದು ಕೂಗಿ, ಕೂಗಿದ್ದಕ್ಕೆ ತಾನೇ ಬೆದರಿ “...ರಿ” ಎಂದು ಸೇರಿಸಿದ. ಎರಡನೆಯ ಆಟದಲ್ಲಿ ಪ್ರತಿಯೊಬ್ಬರೂ ತಮ್ಮ ಸ್ವಭಾವದ ಪ್ರಾಣಿ ಯಾವುದೆಂದು ಹೇಳಿ ಅದರಂತೆ ಸದ್ದು ಮಾಡಬೇಕು. ಅಯೂಬ ಹುಲಿಯಾದ, ಆಮೇಲೆ ಹಣಮಂತರಾಯನೂ ಹುಲಿಯೇ ಎಂದು ಗೊತ್ತಾದಾಗ ಅಯೂಬ ತಾನಾಗಿಯೇ ಮೊಲಕ್ಕೆ ಇಳಿದ. ಕಾಸಿಮಸಾಬ ನಾಯಿಯಾಗಿ ಎಷ್ಟು ಚೆನ್ನಾಗಿ ಬೊಗಳಿದನೆಂದರೆ ರಸ್ತೆಯ ಆಚೆಯ ಹೊಲದಿಂದ ನಿಜವಾದ ನಾಯಿಯೊಂದು ಬಂದು ಗೆರೆಯ ಹೊರಗೆ ಕೂತು, ಸಭೆ ಮುಗಿಯುವವರೆಗೂ ಅಲ್ಲಿಂದ ಹೋಗಲಿಲ್ಲ. ಬಂದೇನವಾಜನ ಸರದಿ ಬಂದಾಗ ಅವನಿಗೆ ಒಂದು ಪ್ರಾಣಿಯೂ ಹೊಳೆಯಲಿಲ್ಲ. ಬೆಕ್ಕು ಎಂದರೆ ಕಣ್ಣು ಮುಚ್ಚಿ ಹಾಲು ಕುಡಿಯುವುದು ನೆನಪಾಗಬಹುದು, ನರಿ ಎನ್ನುವಂತೆಯೇ ಇಲ್ಲ. ಕೊನೆಗೆ “ಎಮ್ಮಿ” ಎಂದ. ಸದ್ದು ಮಾಡಿ ಎಂದಳು ಪೂನಮ. ಎಮ್ಮೆ ಸದ್ದು ಮಾಡುವುದಿಲ್ಲ, ಸುಮ್ಮನೆ ನಿಂತಿರುತ್ತದೆ ಎಂದು ಅವನು ಹೇಳಿದ್ದನ್ನು ಕೇಳಿ ಕಿಟಕಿಯಲ್ಲಿ ಕಿಸಕ್ಕೆಂದು ನಗು ಕೇಳಿಸಿತು. ಸುಮ್ಮನೆ ನಿಂತದ್ದೇ ಅಲ್ಲವೇ ಅವನು ಮೇ ತಿಂಗಳಲ್ಲಿ ಮಾಡಿದ್ದು.

ಶೈತ್ಯಾಗಾರದ ಒಳಗೆ ಕಾಗದ ನಿಲ್ಲುವುದಿಲ್ಲ. ತೇವಕ್ಕೆ ಚೀಟಿಯ ಶಾಯಿ ಹರಡುತ್ತದೆ, ಕಂಪ್ಯೂಟರಿನ ಅಂಟುಚೀಟಿ ಎರಡನೆಯ ವಾರಕ್ಕೇ ಉದುರುತ್ತದೆ. ಆದ್ದರಿಂದ ಹದಿನಾಲ್ಕು ವರ್ಷಗಳಿಂದ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳ ಯಾವ ಥಪ್ಪಿ ಯಾವ ರೈತನದು ಎಂಬುದು ತಾಯವ್ವನ ಹಳೆಯ ಸೀರೆಗಳ ಮೇಲೆ ನಡೆದಿತ್ತು. ಅವಳಿಗೆ ಓದು ಬಾರದು. ಸೀರೆ ಹರಿದು, ಒಬ್ಬೊಬ್ಬ ರೈತನ ಥಪ್ಪಿಗೆ ಒಂದೊಂದು ಬಣ್ಣದ ಚಿಂದಿ, ಎರಡು ಸುತ್ತು, ಒಂದು ಗಂಟು. ಸಮ್ರೀನಳ ಕಂಪ್ಯೂಟರಿನಲ್ಲಿ ಅಂಕಿಗಳಿದ್ದವು, ಆದರೆ ಅಂಕಿ ಹಾಕುವ ಮೊದಲು ಅವಳೂ ಒಳಗೆ ಹೋಗಿ ಚಿಂದಿ ನೋಡಿ ಬರುತ್ತಿದ್ದಳು. ಮೇ ತಿಂಗಳ ಒಂದು ದಿನ ಒಳಗಿನ ಮಬ್ಬು ಬೆಳಕಿನಲ್ಲಿ ಬಂದೇನವಾಜನ ಚಾಳೀಸಿನ ಕಾಲು ಪಟ್ಟನೆ ಮುರಿಯಿತು. ಕೈಗೆ ಹತ್ತಿರವಿದ್ದ ಥಪ್ಪಿಯಿಂದ ಹಸಿರು ಚಿಂದಿ ಬಿಚ್ಚಿ ಕಟ್ಟಿಕೊಂಡ. ಹೊರಗೆ ಹೋಗಿ ಬೇರೆ ಚಿಂದಿ ತಂದು ಕಟ್ಟಿದರಾಯಿತು ಎಂದುಕೊಂಡ, ಹೊರಗೆ ಹೋದ, ಚಹಾ ಬಂದಿತ್ತು, ಚಹಾ ಕುಡಿದ. ಅಷ್ಟೇ. ಚಹಾ ಕುಡಿದದ್ದಕ್ಕೆ ಒಬ್ಬ ಮನುಷ್ಯ ಎಷ್ಟು ದಿನ ನರಕ ಕಾಣಬೇಕು? ಗುರುತು ಕಳೆದುಕೊಂಡ ಥಪ್ಪಿಯನ್ನು ಹಮಾಲರು ಪಕ್ಕದ ಕೆಂಪು ಚಿಂದಿಯ ಥಪ್ಪಿಗೆ ಸೇರಿಸಿದರು. ವಾರದ ನಂತರ ಕೆಂಪು ಚಿಂದಿಯ ನಿಡೋಣಿಯ ರೈತ ಬಂದು, ತನ್ನದೆಂದು ಕೊಟ್ಟ ಪೆಟ್ಟಿಗೆಯಿಂದ ಒಂದು ಮಣೂಕ ಬಾಯಿಗೆ ಹಾಕಿಕೊಂಡು, ಅಂಗಳದಲ್ಲಿಯೇ ಉಗುಳಿ, “ಇದು ನಮ್ಮ ಹೊಲದ್ದಲ್ಲ” ಎಂದ. ಹಸಿರು ಚಿಂದಿಯ ಕಳ್ಳಕವಟಗಿಯವನು ಬಂದು ಹಾಗಾದರೆ ತನ್ನದೆಲ್ಲಿ ಎಂದ. ಚಿಂದಿ ಕಟ್ಟುವವಳು ತಾಯವ್ವ, ಕಟ್ಟಲು ಮರೆತವಳೂ ತಾಯವ್ವ ಎಂದಾಯಿತು. “ಏನ್ ಮಾಡೂಣು ಈಕೀನ?” ಎಂದು ಹಣಮಂತರಾಯ ಕೇಳಿದ್ದು ಬಂದೇನವಾಜನನ್ನೇ. ಮೇಜಿನ ಹಿರಿಯ ಅವನು. ಯಾರು ಎಲ್ಲಿ ಕೂರಬೇಕೆಂದು ದಿನಾ ಬೆಳಿಗ್ಗೆ ಹೇಳುವವನೂ ಅವನೇ. ಬಿಟ್ಟೇ ಬಿಡಿ ಎಂದರೆ ಅನುಮಾನ ಬರಬಹುದೆಂದು ಹೆದರಿ ಅವನು, “ಸ್ವಲ್ಪ ದಿನ ಮೇಜು ಬಿಡಿಸಿ ತೊಳ್ಯಾಕ ಹಚ್ಚೂಣ್ರಿ” ಎಂದಿದ್ದ. ಹೇಳುವಾಗ ಚಿಂದಿ ಅವನ ಕಿವಿಗೆ ಮೆತ್ತಗೆ ತಾಗುತ್ತಿತ್ತು. ಆಮೇಲೆ ಅದನ್ನು ಬಿಚ್ಚಿ ಎಸೆಯಲೂ ಧೈರ್ಯವಾಗಲಿಲ್ಲ. ಎಸೆದರೆ ಯಾರಾದರೂ ಯಾಕೆ ಎಸೆದೆ ಎಂದು ಕೇಳಬಹುದಿತ್ತು.

“ಬಂದೇನವಾಜ! ನಿಮ್ಮ ಸರದಿ,” ಎಂದಳು ಪೂನಮ. ಎಂಟು ಜನ ಅವನ ಹಿಂದೆ ಕೈಗೆ ಕೈ ಹೆಣೆದು ನಿಂತಿದ್ದರು. ಅವನು ಎದೆಯ ಮೇಲೆ ಕೈ ಕಟ್ಟಿ, ಕಣ್ಣು ಮುಚ್ಚಿದ. ಮೂರು ಎಣಿಸಿದರು; ಅವನ ಮೊಣಕಾಲು ಮಡಚಿ, ಬೀಳುವ ಬದಲು ಅವನು ನಮಾಜಿಗೆ ಕೂತಂತೆ ಕೂತುಬಿಟ್ಟ. ಮತ್ತೆ ನಿಲ್ಲಿಸಿದರು. ಎರಡನೆಯ ಸಲ ಕುಕ್ಕರಗಾಲಲ್ಲಿ ಕೂತ. “ನಂಬ್ರಿ, ನಂಬ್ರಿ ನಿಮ್ಮ ತಂಡಾನ!” ಎಂದು ಪೂನಮ ಕೂಗಿದಳು. ತಂಡ ಅವನನ್ನು ನಂಬಿದೆ ಎಂಬುದೇ ಅವನ ತೊಂದರೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ನಾಲ್ಕನೆಯ ಸಲಕ್ಕೆ ನಾಚಿಕೆ ಹೆದರಿಕೆಗಿಂತ ದೊಡ್ಡದಾಯಿತು. ಬಿದ್ದ. ಆಕಾಶ ಕಣ್ಣ ರೆಪ್ಪೆಯ ಮೇಲೆ ಕೆಂಪಗೆ ಹಾದುಹೋಯಿತು, ಬೆನ್ನಿಗೆ ಹದಿನಾರು ಅಂಗೈಗಳು ತಾಗಿದವು, ಬೆಚ್ಚಗಿದ್ದವು. ಎಷ್ಟೋ ವರ್ಷಗಳಿಂದ ಅವನನ್ನು ಇಷ್ಟು ಜನ ಒಟ್ಟಿಗೆ ಮುಟ್ಟಿರಲಿಲ್ಲ. ಅಳು ಬಂತು. ತಾಯವ್ವ ಬಿದ್ದ ದಿನ ಈ ಹದಿನಾರು ಕೈ ಎಲ್ಲಿದ್ದವು, ಅವುಗಳ ಜೊತೆ ನನ್ನವೂ ಎರಡು ಇರಬೇಕಿತ್ತಲ್ಲ ಎಂದುಕೊಂಡ. ಅಷ್ಟರಲ್ಲಿ ಚಾಳೀಸು ಜಾರಿ ಮಣ್ಣಿಗೆ ಬಿತ್ತು.

ಸಮ್ರೀನ ಎತ್ತಿಕೊಂಡಳು. “ಇದಕ್ಯಾಕ ಚಿಂದಿ ಕಟ್ಟೀರಿ ಸರ್?” ಎಂದಳು, ಬಹಳ ಸಹಜವಾಗಿ.

“ಸರ್ ಅನಬಾರದು,” ಎಂದು ಪೂನಮ ತಿದ್ದಿದಳು; ಆಮೇಲೆ ಕೈಯಲ್ಲಿದ್ದ ಹಾಳೆ ನೋಡಿ ಅವಳ ಮುಖ ಅರಳಿತು. “ನಾಕನೇ ಆಟ ಇದ! ನಮ್ಮ ಕಡೆ ಇರೋ ಒಂದು ಸಾಮಾನಿನ ಕಥಿ ಹೇಳೂದು. ಬಂದೇನವಾಜ, ಈ ಚಿಂದಿ ಕಥಿ ಹೇಳ್ರಿ. ಮನಸ ಬಿಚ್ಚಿ.”

ಚಾಳೀಸಿಲ್ಲದ ಕಣ್ಣಿಗೆ ಎಲ್ಲರೂ ಬರೀ ಹಳದಿ ಮುದ್ದೆಗಳಾಗಿ ಕಾಣುತ್ತಿದ್ದರು. ಮುಖಗಳಿಲ್ಲದ್ದಕ್ಕೇ ಇರಬೇಕು, ಮಾತು ಬಂತು. “ಇದು ತಾಯವ್ವನ ಸೀರೀದು,” ಎಂದ. “ಕಳ್ಳಕವಟಗಿಯವ್ರ ಥಪ್ಪಿ ಮ್ಯಾಲಿಂದು. ಬಿಚ್ಚಿದಾಂವ ನಾನು. ಆಕಿ ಏನೂ ಮರ್ತಿಲ್ಲ, ಏನೂ ತಪ್ಪ ಮಾಡಿಲ್ಲ. ಮಣೂಕ ಕೂಡಿದ್ದು ನನ್ನಿಂದ. ಆಕೀನ ತೊಳ್ಯಾಕ ಹಚ್ಚರಿ ಅಂದಾಂವನೂ ನಾನ. ಮೂರು ತಿಂಗಳಾತು, ನನಗ ನಿದ್ದಿಲ್ಲ.”

ಇನ್ನು ಬೈಗುಳ ಬರುತ್ತದೆ, ಕಲ್ಲು ಬಂದರೂ ಬರಲಿ ಎಂದು ಅವನು ತಲೆ ತಗ್ಗಿಸಿ ನಿಂತ. ಬಂದದ್ದು ಚಪ್ಪಾಳೆ. ಅದೂ ಬೆಳಿಗ್ಗೆ ಪೂನಮ ಕಲಿಸಿದ ಚಪ್ಪಾಳೆ: ಎರಡು ಸಲ ಕೈ ತಟ್ಟಿ, ಒಂದು ಚಿಟಿಕೆ ಹೊಡೆದು, “ಹುಯ್ಯಾ!” ಎನ್ನಬೇಕು. ಎಂಟು ಜನ ಹುಯ್ಯಾ ಎಂದರು. ಹೊರಗಿನ ನಾಯಿ ಎದ್ದು ನಿಂತು ಮತ್ತೆ ಕೂತಿತು. ಪೂನಮ ಕಣ್ಣು ಒರೆಸಿಕೊಳ್ಳುತ್ತ, “ಇದಕ್ಕ ನೋಡ್ರಿ ಓಪನ್ ಆಗೂದು ಅಂತೀವಿ” ಎಂದಳು. ಅಯೂಬ ಬಂದು ತಬ್ಬಿಕೊಂಡ. ಮೊದಲ ಬಹುಮಾನವೆಂದು ಹಳದಿ ಬಣ್ಣದ ಚಹಾ ಕಪ್ಪೊಂದು ಅವನ ಕೈಗೆ ಬಂತು. ಅದರ ಮೇಲೂ ಒಂದೇ ತಂಡ, ಒಂದೇ ಮನ. ಕಳ್ಳತನ ಒಪ್ಪಿಕೊಂಡವನಿಗೆ ಕಪ್ಪು ಕೊಡುವ ಕಾಲ ಬಂತಲ್ಲ ಎಂದು ಅವನಿಗೆ ನಗು ಬಂದು, ನಗುವುದು ತಪ್ಪೆನಿಸಿ, ಕೆಮ್ಮಿದ. ಚಾಳೀಸು ಹಾಕಿಕೊಂಡು ನೋಡಿದರೆ ಎಲ್ಲ ಮುಖಗಳಲ್ಲೂ ಪ್ರೀತಿ ಇತ್ತು, ಕೋಪ ಒಂದರಲ್ಲೂ ಇರಲಿಲ್ಲ. ಅದನ್ನು ಹೇಗೆ ತಡೆದುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

“ಛಲೋ ಹೇಳಿದ್ರಿ, ಬಂದೇನವಾಜ,” ಎಂದ ಹಣಮಂತರಾಯ. “ನನ್ನ ಕಣ್ಣಾಗ ನೀರು ಬಂದಾವ.”

“ಸಾಹೇಬ್ರ, ತಾಯವ್ವನ್ನ ಮೇಜಿಗೆ—”

“ಸಾಹೇಬ್ರ ಅನಬಾರದು,” ಎಂದು ಹಣಮಂತರಾಯನೇ ತಿದ್ದಿದ.

“ಹಣಮಂತರಾಯ, ತಾಯವ್ವನ್ನ ಮೇಜಿಗೆ ತರಬೇಕಲ್ಲ.”

ಹಣಮಂತರಾಯ ಅವನ ಹೆಗಲ ಮೇಲೆ ಕೈಯಿಟ್ಟ. “ನೋಡ್ರಿ, ಒಳಗ ಹೇಳಿದ್ದು ಒಳಗ ಉಳೀಬೇಕು. ನಾ ಅಂಗೈ ಎತ್ತಿ ಪ್ರಾಮಿಸ್ ಮಾಡೇನಿ. ನೀವು ಹೇಳಿದ್ದನ್ನ ಹಿಡದು ನಾ ಹೊರಗ ಏನರೆ ಮಾಡಿದ್ರ, ನಾಳಿ ಯಾರು ಮನಸ ಬಿಚ್ಚತಾರ?”

ಚಹಾಕ್ಕೆ ಬಿಡುವು ಕೊಟ್ಟಾಗ ಬಂದೇನವಾಜ ಗೆರೆಯ ಹೊರಗೆ ಕಾದು ನಿಂತ. ಹಣಮಂತರಾಯ ಹೊರಗೆ ಬಂದೊಡನೆ, “ಮೇ ತಿಂಗಳದಾಗ ನಾನು...” ಎಂದು ಶುರು ಮಾಡಿದ. ಹಣಮಂತರಾಯ ಚಹಾ ಚೆಲ್ಲದ ಹಾಗೆ ಹುಷಾರಾಗಿ ಒಂದು ಹೆಜ್ಜೆ ಹಿಂದಿಟ್ಟು ಗೆರೆಯೊಳಗೆ ಹೋದ. “ಒಳಗ ಬಂದು ಹೇಳ್ರಿ, ಕೇಳ್ತೀನಿ” ಎಂದ. ಬಂದೇನವಾಜ ಒಳಗೆ ಹೋಗಲಿಲ್ಲ. ಹಣಮಂತರಾಯ ಹೊರಗೆ ಬರಲಿಲ್ಲ. ಬಂದೇನವಾಜ ಗೆರೆಯ ಹೊರಗಿನಿಂದ ಸುತ್ತು ಹಾಕಿ ಆ ಕಡೆಗೆ ಹೋದ, ಹಣಮಂತರಾಯ ಒಳಗಿನಿಂದ ಸುತ್ತು ಹಾಕಿ ಈ ಕಡೆಗೆ ಬಂದ. ಇದೂ ಒಂದು ಆಟವೆಂದುಕೊಂಡು ಪೂನಮ ಫೋನಿನಲ್ಲಿ ಫೋಟೋ ತೆಗೆದಳು. ಮೂರು ಸುತ್ತಾದ ಮೇಲೆ ಬಂದೇನವಾಜ ನಿಂತ. ಒಂದು ಹಿಡಿ ಸುಣ್ಣ. ಗಾಳಿ ಬಂದರೆ ಹಾರಿಹೋಗುವಂಥದ್ದು. ಅದರಾಚೆ ನಿಂತ ಮನುಷ್ಯನನ್ನು ತಲುಪಲು ಆಗುತ್ತಿಲ್ಲ. ಅವನು ತಿರುಗಿ, ಕೈಯಲ್ಲಿ ಕಪ್ಪು ಹಿಡಿದುಕೊಂಡೇ, ತೊಟ್ಟಿಯ ಕಡೆಗೆ ನಡೆದ. ಇಪ್ಪತ್ತು ಹೆಜ್ಜೆ. ಹೋಗುವಷ್ಟರಲ್ಲಿ ಕ್ಷಮೆ ಕೇಳುವ ಒಂದು ಉದ್ದನೆಯ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ.

“ತಾಯವ್ವ, ನಿನಗ ಒಂದ್ ಮಾತ್ ಹೇಳೂದೈತಿ.”

“ಕೇಳೇನ್ರಿ,” ಎಂದಳು ತಾಯವ್ವ, ಕೈ ನೀರಿನಿಂದ ತೆಗೆಯದೆ. “ಅಲ್ಲಿ ಮಾತಾಡಿದ್ದೆಲ್ಲಾ ಇಲ್ಲಿ ಕೇಳಿಸ್ತೈತಿ.”

“ಹಂಗಾರ ಈಗ ಗೊತ್ತಾತಲ್ಲ...”

“ಈಗ ಗೊತ್ತಾಗೂದೇನೈತ್ರಿ. ಬ್ಯಾಸಗಿಯಿಂದ ನನ್ನ ಸೀರಿ ಅಂಚು ನಿಮ್ಮ ಕಿವಿ ಮ್ಯಾಲೆ ಕುಂತೈತಿ. ನನ್ನ ಸೀರಿ ನನಗ ಗುರ್ತ ಸಿಗೂದಿಲ್ಲೇನು?” ಅವಳು ಒಂದು ಬುಟ್ಟಿ ಮಣೂಕ ಎತ್ತಿ ನೀರು ಬಸಿಯಲು ಇಟ್ಟಳು. “ಒಳಗ ಹುಡುಗ್ಯಾರು ನಿಮಗ ಹಸರ ಚಾಳೀಸ ಅಂತ ಹೆಸರಿಟ್ಟಾರ.”

ದಿನಾ ಬೆಳಿಗ್ಗೆ ತಾನು ಮೇಜಿನ ಹತ್ತಿರ ಬಂದಾಗ ಹನ್ನೊಂದು ಹೆಂಗಸರು ತಲೆ ತಗ್ಗಿಸುತ್ತಿದ್ದದ್ದು, ಸೆರಗು ಬಾಯಿಗೆ ಹಿಡಿಯುತ್ತಿದ್ದದ್ದು ಅವನಿಗೆ ನೆನಪಾಯಿತು. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಮೂರು ತಿಂಗಳು ಎದೆಯಲ್ಲಿ ಹೂತಿಟ್ಟುಕೊಂಡ ಗುಟ್ಟು ಕಿವಿಯ ಮೇಲೆ ಹಸಿರಾಗಿ ಕೂತು ಊರಿಗೆಲ್ಲ ಕಾಣುತ್ತಿತ್ತು; ಕಾಣದಿದ್ದದ್ದು ಅದನ್ನು ಹೊತ್ತವನಿಗೊಬ್ಬನಿಗೇ. “ಮತ್ತ ಸಾಹೇಬ್ರಿಗಾದ್ರೂ ಹೇಳಬಾರದಿತ್ತೇನು?” ಎಂದ.

“ಅವತ್ತ ಹೇಳೇನ್ರಿ. ಹಲ್ಲಿಲೇ ಮಣೂಕದ ಗುಣ ಹೇಳೋ ಇಂಥಾ ಮನಶಾ ಮತ್ತ ಸಿಗೂದಿಲ್ಲ, ಸುಮ್ಮಿರು ಅಂದ್ರು.”

“ನನಗ್ಯಾಕ ಹೇಳಲಿಲ್ಲ?”

“ನಿಮಗೇನ್ ಹೇಳೂದ್ರಿ? ನಿಮಗ ಗೊತ್ತಿತ್ತಲ್ಲ.”

ಜೋಡಿಸಿಕೊಂಡು ಬಂದ ಉದ್ದನೆಯ ಮಾತು ಎಲ್ಲೋ ಹೋಯಿತು. ಅದು ಯಾರಿಗೂ ಬೇಕಾಗಿರಲಿಲ್ಲ. ಗೊತ್ತಿದ್ದವರ ಮುಂದೆ ಗೊತ್ತಿದ್ದದ್ದನ್ನು ಹೇಳಿ ಕಪ್ಪು ಗೆದ್ದುಕೊಂಡು ಬಂದಿದ್ದ. “ಹಂಗಾರ ನೀ ಇಷ್ಟ ದಿನ ಏನು ಕಾಯಾಕತ್ತಿದ್ದಿ?” ಎಂದು ಕೇಳಿದಾಗ ಅವನ ಧ್ವನಿ ಅವನಿಗೇ ಸಣ್ಣದಾಗಿ ಕೇಳಿಸಿತು.

ತಾಯವ್ವ ಮೊದಲ ಸಲ ತಲೆ ಎತ್ತಿ ನೋಡಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಕರೀತೀರಂತ,” ಎಂದಳು. “ಇಲ್ಲಿಗೆ ಕಳಿಸಿದವ್ರು ನೀವು. ಮೇಜು ನಿಮ್ಮದು. ಸಾಹೇಬ್ರಿಗೆ ನಮ್ಮ ಹೆಸರ ಗೊತ್ತಿಲ್ಲ, ಯಾರು ಎಲ್ಲಿ ಕುಂತಾರ ಅಂತ ಅವರೇನು ನೋಡ್ತಾರೇನು? ಯಾವತ್ತರೆ ಮುಂಜಾನೆ ಬಾ ತಾಯವ್ವ ಅಂದಿದ್ರ ಬಂದ ಕುಂದರತಿದ್ನಿ.”

ಬಂದೇನವಾಜ ಬಾಯಿ ತೆರೆದ. ಗೆರೆಯೊಳಗೆ ಅಷ್ಟೆಲ್ಲ ಹೇಳಿದ ನಾಲಿಗೆಗೆ ಎರಡು ಶಬ್ದ ಭಾರವಾದವು. ಹಿಂದಕ್ಕೆ ಬೀಳುವಾಗ ಮೊಣಕಾಲು ಮಡಚಿದ ಹಾಗೆ ಮಾತು ಮಡಚಿಕೊಂಡು ಕೂತಿತು. ಇಲ್ಲಿ ಹಿಡಿಯಲು ಹಿಂದೆ ಯಾರೂ ಇರಲಿಲ್ಲ. ಕಿಟಕಿಯಲ್ಲಿ ಹನ್ನೊಂದು ಮುಖಗಳು ನಗುವುದನ್ನು ಬಿಟ್ಟು ನೋಡುತ್ತಿದ್ದವು. ಅಂಗಳದಲ್ಲಿ ಸೀಟಿ ಕೇಳಿಸಿತು. “ಬಂದೇನವಾಜ, ಬರ್ರಿ, ಫೋಟೋ! ಬಹುಮಾನದವ್ರು ನಡುವ ನಿಂದರಬೇಕು!” ಎಂದು ಹಣಮಂತರಾಯ ಕೂಗಿದ. ಎಂಟು ಹಳದಿ ಟೀಶರ್ಟುಗಳು ಸಾಲಾಗಿ ನಿಂತು, ನಡುವೆ ಒಬ್ಬ ಮನುಷ್ಯನಷ್ಟು ಜಾಗ ಬಿಟ್ಟಿದ್ದವು.

“ಬಾ, ತಾಯವ್ವ,” ಎಂದ ಬಂದೇನವಾಜ.

“ತಡೀರಿ,” ಎಂದಳು ಅವಳು. “ಕೈ ವರಸ್ಕೋತೀನಿ. ಹಸೀ ಕೈಲೆ ಮೇಜಿನ ಮಣೂಕ ಮುಟ್ಟಬಾರದು.”

ನೀರಿನಿಂದ ಎತ್ತಿದ ಕೈಗಳನ್ನು ಅವನು ನೋಡಿದ. ಬೆರಳ ಸಂದುಗಳು ಬೆಳ್ಳಗೆ ಬಿರಿದಿದ್ದವು. ಅವಳು ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು. ಸೆರಗು ತೊಯ್ದಿತ್ತು, ತೊಟ್ಟಿಯ ಮೇಲಿನ ಅರಿವೆಯೂ ತೊಯ್ದಿತ್ತು. ಅವನು ಕಪ್ಪನ್ನು ನೆಲಕ್ಕಿಟ್ಟು, ಹೊಟ್ಟೆಯ ಮೇಲಿನ ಟೀಶರ್ಟನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಚಾಚಿದ. ಅವಳು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ, ತನಗೆ ಓದಲು ಬಾರದ ಆ ಅಕ್ಷರಗಳ ಮೇಲೆಯೇ, ಒಂದೊಂದೇ ಬೆರಳನ್ನು ನಿಧಾನವಾಗಿ ಒರೆಸತೊಡಗಿದಳು. ಮೊದಲು ಬಲಗೈ, ಆಮೇಲೆ ಎಡಗೈ. ಅಂಗಳದಲ್ಲಿ ಸೀಟಿ ಮತ್ತೆ ಕೇಳಿಸಿತು, ಅವನ ಹೆಸರನ್ನು ಎಂಟೂ ಜನ ಸೇರಿ ಕೂಗಿದರು. ಅವನು ಅಲುಗಾಡಲಿಲ್ಲ. ತಾಯವ್ವನ ಎಡಗೈಯ ಕಿರುಬೆರಳು ಇನ್ನೂ ಒದ್ದೆಯಾಗಿತ್ತು.